ದೊರೆಯ ಕಾಲಡಿಯ ಮರಳು

ಮೊಮ್ಮಗಳು ಸುಳ್ಯದ ಶಾಲೆಯಲ್ಲಿ ಟೀಚರು. ಮೊನ್ನೆ ಬಂದವಳು ಅಂಗಳದಲ್ಲಿ ಒಂದು ಚಪ್ಪಲಿ, ಜಗಲಿಯಲ್ಲಿ ಇನ್ನೊಂದು ಚಪ್ಪಲಿ ಬಿಟ್ಟು ನೇರ ನನ್ನ ಹತ್ತಿರ ಓಡಿ ಬಂದಳು. ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಅಜ್ಜೀ, ಇದು ಯಾರು ಹೇಳಿ ನೋಡುವ" ಎಂದಳು.

"ಸ್ವಲ್ಪ ದೂರ ಹಿಡಿ ಮಾರಾಯ್ತಿ. ಮೂಗಿನಲ್ಲಿ ನೋಡ್ಲಿಕ್ಕೆ ಆಗ್ತದಾ?"

ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಕಪ್ಪು ಬಿಳುಪಿನ ಪಟ. ಸಂತೆ. ತೆಂಗಿನ ಮಡಲಿನ ಚಪ್ಪರದ ಕೆಳಗೆ ಬಳೆ ಅಂಗಡಿ. ಒಬ್ಬಳು ದಪ್ಪ ಹೆಂಗಸು ಕಣ್ಣು ಮುಚ್ಚಿ, ತುಟಿ ಕಚ್ಚಿ ಕೈ ಚಾಚಿದ್ದಾಳೆ. ಆ ಕೈಯನ್ನು ಹಿಟ್ಟಿನ ಹಾಗೆ ಹಿಂಡಿ ಬಳೆ ಏರಿಸುತ್ತಿರುವುದು ನನ್ನ ಅತ್ತೆ. ಪಕ್ಕದಲ್ಲಿ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಕತ್ತು ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿರುವ ಹುಡುಗಿ, ನಾನು.

ನನಗೆ ಗೊತ್ತಾಗುವ ಮೊದಲೇ ಕೈ ಹೊಟ್ಟೆಗೆ ಹೋಗಿತ್ತು. ಇಷ್ಟು ಕಾಲ ಕಳೆದು, ಹೊಟ್ಟೆಯಲ್ಲಿದ್ದವನ ಮೀಸೆ ಬೆಳ್ಳಗಾದ ಮೇಲೂ ಆ ಹೆದರಿಕೆ ಹೋಗಿರಲಿಲ್ಲ, ಎಲ್ಲೋ ಮೂಲೆಯಲ್ಲಿ ಕೂತಿತ್ತು. ಅದು ಎದ್ದು ಬಂದ ಬೆನ್ನಿಗೇ ಸಂತೋಷವೂ ಬಂತು ನೋಡಿ, ಯಾವುದು ಯಾವುದೆಂದು ತಿಳಿಯದೆ ನಾನು ಅತ್ತೂ ಬಿಟ್ಟೆ, ನಕ್ಕೂ ಬಿಟ್ಟೆ. ಮೂರನೆಯ ಕ್ಲಾಸು ಓದಿದವಳು ನಾನು. ಬರೆಯುವ ಅಭ್ಯಾಸ ಇಲ್ಲ. ಆದರೆ ಇದನ್ನು ಹೇಳದಿದ್ದರೆ ನನಗೆ ತಡೆಯುವುದಿಲ್ಲ.

ನಮ್ಮದು ಬಳೆಯ ವ್ಯಾಪಾರ. ಕಬಕದ ಹತ್ತಿರ ಮನೆ. ಪುತ್ತೂರಿನ ಸೋಮವಾರದ ಸಂತೆ, ಸುಳ್ಯದ ಸಂತೆ, ಕಡಬದ ಸಂತೆ ಎಂದು ಮಾವ, ಅತ್ತೆ, ಯಜಮಾನರು ಬಳೆಯ ಗಂಟು ಹೊತ್ತು ತಿರುಗುತ್ತಿದ್ದರು. ಗುತ್ತಿಗಾರಿನಿಂದ ಮದುವೆಯಾಗಿ ಬಂದ ನಾನು ಮೊದಲು ಮನೆಯಲ್ಲೇ ಇರುತ್ತಿದ್ದೆ. ಬಸಿರಾದೆ, ಹೋಯಿತು. ಮತ್ತೆ ಬಸಿರಾದೆ. ಅದು ಹುಟ್ಟಿತು, ಆದರೆ ಕಣ್ಣು ಬಿಡಲಿಲ್ಲ. ಮೂರನೆಯ ಬಸಿರು ನಿಂತಾಗ ಅತ್ತೆ ಒಂದು ತೀರ್ಮಾನ ಮಾಡಿದರು.

"ಮನೆಯಲ್ಲಿ ಕೂರಿಸಿ ನೋಡಿ ಆಯ್ತು. ಈ ಸಲ ನನ್ನ ಕಣ್ಣೆದುರಿಗೇ ಇರ್ಲಿ. ಎಲ್ಲಿಗೆ ಹೋಗುದಿದ್ರೂ ನನ್ನೊಟ್ಟಿಗೆ."

ಹಾಗೆ ನಾನು ಸಂತೆಗೆ ಹೋಗತೊಡಗಿದ್ದು. ಕೂತು ಬಳೆ ಆರಿಸಿ ಕೊಡುವ ಕೆಲಸ. ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಬಾಯಿಗೂ ಕಟ್ಟು ಇತ್ತು. ಬಳೆ ಅಂಗಡಿಯಲ್ಲಿ 'ಒಡೆಯಿತು' ಎನ್ನಬಾರದು, 'ಹೆಚ್ಚಾಯಿತು' ಎನ್ನಬೇಕು. ಹಾಗೆಯೇ 'ತೆಗೆ' ಎನ್ನುವ ಮಾತು ಬರಲೇಬಾರದು. ಬಳೆ ತೆಗೆಯುವುದು ಗಂಡ ಸತ್ತವಳಿಗೆ ಮಾತ್ರ. ಉಳಿದವರಿಗೆ ಬದಲು ಮಾಡುವುದು. ಯಾರಾದರೂ ಗಿರಾಕಿ ಮರೆತು, "ಈ ಹಳತನ್ನು ತೆಗೀರಿ" ಎಂದರೆ ಅತ್ತೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡ ಸೊಸೆ ಪಕ್ಕದಲ್ಲಿದ್ದಾಗಂತೂ ಆ ಮಾತು ಅವರಿಗೆ ಬೆಂಕಿ.

ಆ ಸೋಮವಾರ ಮಳೆಗಾಲ ಮುಗಿದು ಬಿಸಿಲು ಚೆನ್ನಾಗಿ ಬಿದ್ದಿತ್ತು. ಬೆಟ್ಟಂಪಾಡಿಯ ಕಡೆಯ ಆ ದಪ್ಪ ಹೆಂಗಸು ಸಣ್ಣ ಅಳತೆಯ ಬಳೆಯೇ ಬೇಕೆಂದು ಹಟ ಹಿಡಿದಿದ್ದರು.

"ಇದು ಹೋಗುದಿಲ್ಲ ಅಕ್ಕಾ" ಎಂದರು ಅತ್ತೆ.

"ಮದುವೆಯಲ್ಲಿ ಹೋಗಿತ್ತು."

"ಆಗ ಕೈ ಇತ್ತು. ಈಗ ಬಾಳೆದಿಂಡು ಉಂಟು."

ಹೆಂಗಸಿಗೆ ಸಿಟ್ಟೂ ಬಂತು, ನಗೆಯೂ ಬಂತು. ಅತ್ತೆ ಸಾಬೂನು ಹಚ್ಚಿ ಹಿಂಡಲು ಹೊರಟಾಗ ನನಗೆ ನಗು ತಡೆಯಲಿಲ್ಲ. ಆ ಎರಡು ಶೋಕದ ನಂತರ ನಾನು ಹಾಗೆ ನಕ್ಕದ್ದು ಅದೇ ಮೊದಲು. ಆಗಲೇ ಟಿಕ್ ಎಂದು ಒಂದು ಸದ್ದು.

ತಿರುಗಿದರೆ ಒಬ್ಬ ಬಿಳಿಯ. ಉದ್ದ ಮನುಷ್ಯ, ಬಿಸಿಲಿಗೆ ಕೆಂಪಾದ ಮೂಗು. ಕುತ್ತಿಗೆಯಿಂದ ಕಪ್ಪು ಪೆಟ್ಟಿಗೆಯೊಂದು ನೇತಾಡುತ್ತಿತ್ತು. ಅವನು ಅದನ್ನು ಕಣ್ಣಿಗೆ ಹಿಡಿದಿರಲಿಲ್ಲ, ಹೊಟ್ಟೆಗೆ ಹಿಡಿದಿದ್ದ. ತಲೆ ಬಗ್ಗಿಸಿ ಪೆಟ್ಟಿಗೆಯ ಒಳಗೆ ನೋಡುತ್ತಿದ್ದ. ಪೆಟ್ಟಿಗೆಯ ಎರಡು ಗಾಜಿನ ಕಣ್ಣುಗಳು, ಒಂದರ ಮೇಲೆ ಒಂದು, ನನ್ನ ಹೊಟ್ಟೆಯ ನೇರಕ್ಕೆ ಇದ್ದವು. ಅವನು ಮುಖ ಎತ್ತಿ ನಗೆ ಬೀರಿ, ಒಣಮೀನಿನ ಸಾಲಿನ ಕಡೆಗೆ ಹೋಗಿ ಜನರಲ್ಲಿ ಸೇರಿಬಿಟ್ಟ.

ಮೆಣಸು ಮಾರುತ್ತಿದ್ದವನೊಬ್ಬ ಆಚೆಯಿಂದ ಕೂಗಿದ: "ಬಳೆಯ ಅಮ್ಮಾ, ನಿಮ್ಮ ಸೊಸೆದು ಪಟ ತೆಗೆದ ಅಲ್ವಾ ದೊರೆ!"

ಅತ್ತೆಯ ಕೈಯಲ್ಲಿದ್ದ ಬಳೆ ಹೆಚ್ಚಾಯಿತು. ದಪ್ಪ ಹೆಂಗಸಿನ ಕೈಯಲ್ಲಿ ರಕ್ತದ ಒಂದು ಗೆರೆ. ಅತ್ತೆ ಅದನ್ನು ನೋಡಲೇ ಇಲ್ಲ.

"ಎಂತ ತೆಗೆದ? ಎಂತ ತೆಗೆದ ಹೇಳು!"

ಈಗಿನವರಿಗೆ ಇದು ನಗೆಯ ಮಾತು. ಈಗ ಅನ್ನದ ತಟ್ಟೆಯ ಪಟವನ್ನೂ ತೆಗೆಯುತ್ತಾರೆ. ಆದರೆ ನಾನು ಅಲ್ಲಿಯವರೆಗೆ ಪಟ ತೆಗೆಯುವುದನ್ನು ಕಂಡಿದ್ದು ಒಂದೇ ಒಂದು ಸಲ. ಊರಿನ ಮುಖ್ಯಸ್ಥ ಗುರಿಕಾರರು ತೀರಿಹೋದಾಗ ಪುತ್ತೂರಿನಿಂದ ಪಟದವನನ್ನು ಕರೆಸಿದ್ದರು. ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಮುಂಡಾಸು ಕಟ್ಟಿ, ಬೀಳದ ಹಾಗೆ ಹಿಂದಿನಿಂದ ಇಬ್ಬರು ಹಿಡಿದುಕೊಂಡಿದ್ದರು. ಆಮೇಲೆ ಆ ಪಟ ಗೋಡೆಗೆ ಏರಿತು, ಮಾಲೆ ಬಿತ್ತು. ಯಾರ ಮನೆಗೆ ಹೋದರೂ ಗೋಡೆಯಲ್ಲಿದ್ದವರು ಮನೆಯಲ್ಲಿ ಇರುತ್ತಿರಲಿಲ್ಲ. ಇದ್ದವರ ಪಟ ಗೋಡೆಯಲ್ಲಿ ಇರುತ್ತಿರಲಿಲ್ಲ. ನಮಗೆ ಗೊತ್ತಿದ್ದ ಲೆಕ್ಕ ಅಷ್ಟೇ. ಅವನು ನನ್ನ ಪಟ ತೆಗೆದ. ನನ್ನೊಳಗಿದ್ದದ್ದು?

ಆ ಸಂಜೆ ಮಗು ಅಲುಗಲಿಲ್ಲ.

ಪ್ರತಿದಿನ ದೀಪ ಹಚ್ಚುವ ಹೊತ್ತಿಗೆ ಪಕ್ಕೆಗೆ ಒಂದು ಗುದ್ದು ಬೀಳುತ್ತಿತ್ತು. ನಾನು ಅದನ್ನೇ ಕಾಯುತ್ತಿದ್ದೆ. ಆವತ್ತು ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ, ತಣ್ಣೀರು ಕುಡಿದೆ, ಬೆಲ್ಲ ತಿಂದೆ. ಒಳಗೆ ಕಲ್ಲು ಇಟ್ಟ ಹಾಗೆ ಭಾರ, ಅಷ್ಟೇ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಯಾರಿಗೂ ಹೇಳಲಿಲ್ಲ. ಅತ್ತೆ ಕೇಳಲೂ ಇಲ್ಲ. ಬಾಗಿಲಲ್ಲಿ ನಿಂತು ನನ್ನ ಕೈ ಎಲ್ಲಿದೆ ಎಂದು ನೋಡಿ ಹಿಂದಕ್ಕೆ ಹೋದರು. ಬೆಳಿಗ್ಗೆ ಎಲ್ಲೋ ಆಳದಲ್ಲಿ ಸಣ್ಣಗೆ ಮಿಸುಕಿದ ಹಾಗಾಯಿತು. ಮಗುವೋ, ನನ್ನ ಕರುಳೋ ಗೊತ್ತಾಗಲಿಲ್ಲ.

ಅತ್ತೆ ಅಷ್ಟರಲ್ಲಿ ಒಲೆಯ ಎದುರು ಕೂತು ಎಲ್ಲ ಯೋಚಿಸಿ ಮುಗಿಸಿದ್ದರು. ದೃಷ್ಟಿ ಬಿದ್ದರೆ ಉಪ್ಪು, ಒಣಮೆಣಸು, ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ, ಅದರ ಜೊತೆಗೆ ದೃಷ್ಟಿ ಹಾಕಿದವನ ಕಾಲಡಿಯ ಮಣ್ಣು. ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದು ಮೈಗೆ ಸುತ್ತಿ ಒಲೆಗೆ ಹಾಕಬೇಕು. ಘಾಟು ಏಳದಿದ್ದರೆ ದೃಷ್ಟಿ ಇದ್ದದ್ದು ಹೌದು, ಅದು ಸುಟ್ಟು ಹೋಯಿತು ಎಂದು ಅರ್ಥ. ಘಾಟು ಎದ್ದರೆ ತೊಂದರೆ ಬೇರೆ ಏನೋ.

"ಅವ ತೆಗೆದದ್ದನ್ನು ನಾವು ತೆಗೀಬೇಕು" ಎಂದರು ಅತ್ತೆ. ಅವರ ಬಾಯಲ್ಲಿ ಆ ಮಾತನ್ನು ಕೇಳಿದ್ದು ಅದೇ ಮೊದಲು. ನನಗೆ ಇನ್ನೂ ಹೆದರಿಕೆಯಾಯಿತು.

"ಮಣ್ಣು ಎಲ್ಲಿಂದ ತರುದು? ಸಂತೆಯಲ್ಲಿ ಎಷ್ಟು ಜನ ತುಳಿದಿದ್ದಾರೆ" ಎಂದರು ಮಾವ.

ಸುದ್ದಿ ತಂದದ್ದು ಮರಗೆಣಸಿನ ಚೇಚಿ. ಚೇಚಿ ಎಂದರೆ ಅವರ ಮಾತಿನಲ್ಲಿ ಅಕ್ಕ. ಕೇರಳದಿಂದ ಬಂದು ಕಡಬದ ಕಡೆ ಗುಡ್ಡ ಕಡಿದು ರಬ್ಬರು ಹಾಕಿದ ಕ್ರೈಸ್ತರ ಪೈಕಿ ಅವರು. ಸಂತೆಯಲ್ಲಿ ನಮ್ಮ ಪಕ್ಕದಲ್ಲೇ ಮರಗೆಣಸು ಮಾರುತ್ತಿದ್ದರು. ಕಬಕದಲ್ಲಿ ಬಸ್ಸು ಕಾಯುವಾಗ ನಮ್ಮ ಮನೆಗೆ ನೀರು ಕುಡಿಯಲು ಬರುವುದಿತ್ತು. ದೊರೆ ಪುತ್ತೂರಿನಲ್ಲೇ ಇದ್ದಾನೆ, ಕಡಬದ ಸಂತೆಯ ದಿನ ಹೊಳೆ ದಾಟಿ ತಮ್ಮವರ ಮನೆಗೆ ಬರುತ್ತಾನೆ ಎಂದರು. ನನ್ನ ಮುಖ ನೋಡಿ ತಲೆ ಸವರಿ, "ಪೇಡಿಕ್ಕಂಡ ಮೋಳೇ" ಎಂದರು. ಹೆದರಬೇಡ ಮಗಳೇ ಎಂದು. "ಅವ ಒಳ್ಳೆ ಮನುಷ್ಯ. ನಾನು ಮೂಗು ಒರೆಸುವಾಗ ನನ್ನದೂ ಪಟ ತೆಗೆದಿದ್ದಾನೆ."

"ನಿಮಗೆ ಹೊಟ್ಟೆಯಲ್ಲಿ ಇಲ್ವಲ್ಲ!" ಎಂದರು ಅತ್ತೆ.

ಚೇಚಿ ಹೋದ ಮೇಲೆ ಮಾವನಿಗೆ ಹೊಸ ಸಂಶಯ. "ಅವ ಬೂಟು ಹಾಕುದಲ್ವಾ? ಬೂಟಿನ ಅಡಿಯ ಮಣ್ಣು ಆಗ್ತದಾ?"

"ಬೂಟು ಎಂತದ್ರದ್ದು?"

"ಚರ್ಮದ್ದು. ಎಮ್ಮೆದೋ ಎಂತದ್ದೋ."

"ಹಾಗಾದ್ರೆ ಅದು ಎಮ್ಮೆಯ ಕಾಲಡಿಯ ಮಣ್ಣಾಯ್ತು. ನಮ್ಮ ಹುಡುಗಿಗೆ ಎಮ್ಮೆಯ ದೃಷ್ಟಿ ಬಿದ್ದದ್ದಾ?"

"ಮತ್ತೆ ದೊರೆಯ ಹತ್ರ ಬೂಟು ಬಿಚ್ಚು ಅಂತ ನೀನು ಹೇಳ್ತೀಯಾ? ಯಾವ ಭಾಷೆಯಲ್ಲಿ?"

ಅತ್ತೆಯ ಕಣ್ಣಲ್ಲಿ ನೀರು ಬಂತು. ಯಜಮಾನರು ಮಾತು ಕಡಿಮೆಯ ಮನುಷ್ಯ. ಬಳೆಗಳನ್ನು ದಾರಕ್ಕೆ ಪೋಣಿಸುತ್ತ, ತಲೆ ಎತ್ತದೆ ಹೇಳಿದರು: "ಕಡವಿನಲ್ಲಿ ಬಿಚ್ಚಲೇಬೇಕಲ್ಲ."

ಹೌದಲ್ಲ! ಕುಮಾರಧಾರೆಗೆ ಆಗ ಅಲ್ಲಿ ಸೇತುವೆ ಇರಲಿಲ್ಲ. ಕಡವಿನಲ್ಲಿ ದೋಣಿ ಹತ್ತಬೇಕು. ಮಳೆ ನಿಂತ ಮೇಲೆ ದೋಣಿ ದಡದವರೆಗೆ ಬರುವುದಿಲ್ಲ, ಮರಳಿನಲ್ಲಿ ನಡೆದು ಮೊಣಕಾಲು ನೀರಿಗೆ ಇಳಿಯಬೇಕು. ದೊರೆಯಾದರೂ ಅಷ್ಟೇ.

ಕಡಬದ ಸಂತೆಯ ದಿನ ನಾವು ಎಲ್ಲರಿಗಿಂತ ಮೊದಲು ಕಡವಿಗೆ ಬಂದು ಕೂತೆವು. ದೋಣಿ ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಬಳೆಯವರು ಯಾಕೆ ದಾಟುವುದಿಲ್ಲ ಎಂದು ಜನ ಕೇಳಿದರು. ಅತ್ತೆ ಒಬ್ಬರಿಗೆ ಗಂಡನ ಕಾಲುನೋವು ಎಂದರು, ಇನ್ನೊಬ್ಬರಿಗೆ ಸೊಸೆಯ ಸುಸ್ತು ಎಂದರು. ಹಿಂದಿನ ಸಂಜೆ ಒಂದೇ ಒಂದು ಗುದ್ದು ಬಿದ್ದಿತ್ತು, ಅದೂ ಮೆಲ್ಲಗೆ. ಹೊಳೆಯ ನೀರು ನೋಡುತ್ತ ನಾನು ಒಳಗಿದ್ದವನ ಹತ್ತಿರ ಮಾತಾಡುತ್ತಿದ್ದೆ. ಇರು ಮಗಾ, ಸ್ವಲ್ಪ ಇರು, ಅವನು ಬರುತ್ತಾನೆ.

ಬಂದ. ಅದೇ ಕೆಂಪು ಮೂಗು, ಹೊಟ್ಟೆಯ ಮೇಲೆ ಅದೇ ಪೆಟ್ಟಿಗೆ. ಮರಳಿಗೆ ಇಳಿದು ನಿಂತ. ಆಗ ದೋಣಿಯವನು ಮುಂಡು ಎತ್ತಿ ಕಟ್ಟಿ, ನೀರಿನಿಂದ ಮೇಲೆ ಬಂದು, ದೊರೆಯ ಮುಂದೆ ಬೆನ್ನು ಬಗ್ಗಿಸಿ ನಿಂತುಬಿಟ್ಟ! ದೊಡ್ಡವರನ್ನು ಹಾಗೆ ಹೊತ್ತು ದೋಣಿಗೆ ಏರಿಸುವ ರೂಢಿ ಇತ್ತು. ನಮಗೆ ಯಾರಿಗೂ ಅದು ನೆನಪಾಗಿರಲಿಲ್ಲ.

"ಬೇಡ!" ಎಂದು ಅತ್ತೆ ಕಿರುಚಿದರು. ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. "ಅವರು ನಡೀಲಿ! ಅವರನ್ನು ಹೊರ್ಬೇಡಿ!"

ದೋಣಿಯವನು ಬಗ್ಗಿದಲ್ಲಿಂದಲೇ ತಿರುಗಿ ನೋಡಿದ. "ನಿಮಗೆ ಎಂತ ಮಾರಾಯ್ರೆ? ಹೊರುದು ನಾನಲ್ವಾ?"

"ನಿಮ್ಮ ಸೊಂಟ ಉಳುಕ್ತದೆ!"

"ಇಷ್ಟು ವರ್ಷ ನನ್ನ ಸೊಂಟ ಕೇಳಿದವರಿಲ್ಲ. ಇವತ್ತು ನಿಮಗೆ ಎಂತ ಪ್ರೀತಿ?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ದೊರೆ ಒಮ್ಮೆ ಅತ್ತೆಯನ್ನು ನೋಡಿದ, ಒಮ್ಮೆ ದೋಣಿಯವನ ಬೆನ್ನನ್ನು ನೋಡಿದ. ಆಮೇಲೆ ತಲೆ ಅಲ್ಲಾಡಿಸಿ ಕೂತುಕೊಂಡು ಬೂಟು ಬಿಚ್ಚತೊಡಗಿದ. ಬೂಟು, ಅದರೊಳಗೆ ಬಟ್ಟೆಯ ಚೀಲ. ಕೊನೆಗೆ ಕಾಲು ಹೊರಗೆ ಬಂದಾಗ ಸಿಪ್ಪೆ ಸುಲಿದ ಮರಗೆಣಸಿನ ಹಾಗೆ ಬೆಳ್ಳಗಿತ್ತು. ಬೂಟಿನ ದಾರಗಳನ್ನು ಗಂಟು ಹಾಕಿ ಕುತ್ತಿಗೆಗೆ ಹಾಕಿಕೊಂಡು ನಡೆದ. ಒದ್ದೆ ಮರಳಿನಲ್ಲಿ ಹೆಜ್ಜೆ ಮೂಡಿತು.

ಹಿಂದಿನಿಂದ ಕೋಳಿಬುಟ್ಟಿಯವನೊಬ್ಬ ಅದರ ಮೇಲೇ ಕಾಲಿಡಲು ಬರುತ್ತಿದ್ದ. ಅತ್ತೆ ಅವನನ್ನು ತಳ್ಳಿ, ಹೆಜ್ಜೆಯ ಮುಂದೆ ಮೊಣಕಾಲೂರಿ, ಎರಡು ಕೈಯನ್ನೂ ಅಡ್ಡ ಚಾಚಿದರು. ಹೆಜ್ಜೆಯ ಅಂಚು ಆಗಲೇ ಕುಸಿಯುತ್ತಿತ್ತು, ಹಿಮ್ಮಡಿಯ ಗುಳಿಯಲ್ಲಿ ನೀರು ತುಂಬುತ್ತಿತ್ತು.

"ಎಡದ್ದಾ, ಬಲದ್ದಾ?" ಎಂದು ಕೇಳಿದರು. ಯಾರಿಗೆ ಗೊತ್ತು? ಎರಡೂ ಹೆಜ್ಜೆಯಿಂದ ಎರಡು ಮುಷ್ಟಿ ಎತ್ತಿದರು. ಎತ್ತಿ, ಕಣ್ಣು ಮುಚ್ಚಿ, ಹಣೆಗೆ ಒತ್ತಿಕೊಂಡರು.

ಟಿಕ್.

ದೋಣಿಯಲ್ಲಿ ಕೂತ ದೊರೆ ಪೆಟ್ಟಿಗೆಯೊಳಗೆ ತಲೆ ಬಗ್ಗಿಸಿದ್ದ.

"ಅಯ್ಯೋ, ನನ್ನದನ್ನೂ ತೆಗೆದ!" ಎಂದು ಅತ್ತೆ ನಡುಗಿದರು.

"ನಿನ್ನ ಹೊಟ್ಟೆಯಲ್ಲಿ ಎಂತ ಉಂಟು ತೆಗೀಲಿಕ್ಕೆ? ನಿನ್ನೆಯ ಗಂಜಿ" ಎಂದರು ಮಾವ. ಆದರೆ ಅವರೂ ಪೆಟ್ಟಿಗೆಗೆ ಬೆನ್ನು ಹಾಕಿ ನಿಂತಿದ್ದರು.

ಸಂತೆಗೆ ಹೋಗಲಿಲ್ಲ. ಅಲ್ಲಿಂದಲೇ ಮನೆಗೆ ತಿರುಗಿದೆವು. ಒದ್ದೆ ಮರಳು ಒಲೆಯನ್ನೇ ಆರಿಸಿಬಿಟ್ಟರೆ ಎಂಬ ಭಯಕ್ಕೆ ಅತ್ತೆ ಅದನ್ನು ಅಡಿಕೆ ಹಾಳೆಯ ಮೇಲೆ ಹರವಿ ಬಿಸಿಲಿಗಿಟ್ಟು, ಕೋಳಿ ಕೆದಕದ ಹಾಗೆ ಕೋಲು ಹಿಡಿದು ಕಾದು ಕೂತರು. ಸಂಜೆ ನನ್ನನ್ನು ಮೂಡು ಮುಖ ಮಾಡಿ ಕೂರಿಸಿ, ಮುಷ್ಟಿ ಸುತ್ತಿ ಎಲ್ಲವನ್ನೂ ಬೆಂಕಿಗೆ ಹಾಕಿದರು. ಉಪ್ಪು ಚಟಪಟ ಎಂದಿತು. ನಾಲ್ಕು ಜನ ಮೂಗು ಅರಳಿಸಿ ಕೂತೆವು. ಘಾಟು ಬರಲಿಲ್ಲ. ನಿಜವಾಗಿಯೂ ಬರಲಿಲ್ಲ. ಅತ್ತೆಯ ಮುಖ ಬಿಚ್ಚಿಕೊಳ್ಳುತ್ತಿದ್ದ ಹಾಗೆಯೇ ಮಾವ ಕೆಮ್ಮಿದರು.

"ಇದು ಮೆಣಸಿನ ಕೆಮ್ಮಾ, ಬೀಡಿಯ ಕೆಮ್ಮಾ?" ಅತ್ತೆ ಎದ್ದು ನಿಂತು ಕೇಳಿದರು.

"ನನಗೆ ಹೇಗೆ ಗೊತ್ತು?"

"ನಿಮ್ಮ ಕೆಮ್ಮು ನಿಮಗೆ ಗೊತ್ತಿಲ್ವಾ?"

ಮಾವ ಬೀಡಿಯದ್ದೇ ಎಂದು ಎಷ್ಟು ಆಣೆ ಹಾಕಿದರೂ ಅತ್ತೆಗೆ ನಂಬಿಕೆ ಬರಲಿಲ್ಲ. ನನಗೂ ಬರಲಿಲ್ಲ. ಆ ಒಂದು ಕೆಮ್ಮಿನ ಸಂಶಯವನ್ನು ಇಟ್ಟುಕೊಂಡೇ ನಾನು ಉಳಿದ ತಿಂಗಳುಗಳನ್ನು ಕಳೆದೆ. ದೀಪ ಹಚ್ಚುವ ಹೊತ್ತಿಗೆ ಗುದ್ದು ಬಿದ್ದರೆ ಇವತ್ತಿಗೆ ಸಾಕು ಎನಿಸುತ್ತಿತ್ತು. ಬೀಳದ ಸಂಜೆಗಳಲ್ಲಿ ಆ ಪೆಟ್ಟಿಗೆಯೇ ಕಣ್ಣಿಗೆ ಬರುತ್ತಿತ್ತು. ಅದರ ಕತ್ತಲೆಯಲ್ಲಿ ನನ್ನ ಮಗು ನನ್ನ ನಗುವಿನ ಜೊತೆ ಸಿಕ್ಕಿಕೊಂಡು, ಯಾವುದೋ ದೇಶಕ್ಕೆ ಹಡಗಿನಲ್ಲಿ ಹೋಗುತ್ತಿದೆ ಎಂದು ಕಾಣುತ್ತಿತ್ತು. ನಗುವುದನ್ನು ಬಿಟ್ಟೇ ಬಿಟ್ಟೆ. ನಕ್ಕದ್ದಕ್ಕಲ್ಲವೇ ಅವನು ತಿರುಗಿ ನೋಡಿದ್ದು?

ಹೆರಿಗೆ ಮನೆಯಲ್ಲೇ ಆಯಿತು. ಮಗು ಹೊರಗೆ ಬಂತು, ಅಳಲಿಲ್ಲ. ಹೆರಿಗೆಗೆ ಬಂದ ಅಜ್ಜಿ ಅದನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ತಟ್ಟಿದರು. ಮತ್ತೆ ತಟ್ಟಿದರು. ಆ ಹೊತ್ತಿನ ಹೆದರಿಕೆಯನ್ನು ಬರೆಯಲು ನನಗೆ ಅಕ್ಷರ ಸಾಲದು. ಆಮೇಲೆ ಬೆಕ್ಕಿನ ಹಾಗೆ ಒಂದು ಸ್ವರ, ಅದರ ಹಿಂದೆಯೇ ಮನೆ ಹಾರಿಹೋಗುವ ಕೂಗು. ಅತ್ತೆ ಅವನನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದು ಹೇಳಿದರು: "ನೋಡು, ಪಟದೊಟ್ಟಿಗೆ ಹೋಗ್ಲಿಲ್ಲ. ಇಲ್ಲೇ ಉಂಟು."

ಅವನೇ ಈ ಮೊಮ್ಮಗಳ ಅಪ್ಪ.

ಮೊಮ್ಮಗಳ ಶಾಲೆಯ ಲೈಬ್ರರಿಗೆ ಯಾರೋ ಕೊಟ್ಟ ಪುಸ್ತಕಗಳಲ್ಲಿ ಆ ದೊರೆಯ ಪಟಗಳ ಪುಸ್ತಕವೂ ಇತ್ತಂತೆ. ಅದರ ಪುಟಗಳನ್ನು ಮೊಬೈಲಿನಲ್ಲಿ ತೆಗೆದು ತಂದವಳು ಒಂದೊಂದಾಗಿ ತೋರಿಸಿದಳು. ನಾನು ಊಟಕ್ಕೂ ಏಳಲಿಲ್ಲ. ತಕ್ಕಡಿ ಎತ್ತಿ ಹಿಡಿದು ಬಾಯಿಯಲ್ಲೇ ಲೆಕ್ಕ ಹಾಕುವ ಒಣಮೀನು ಮಾರುವ ಬ್ಯಾರಿ. ಬಸ್ಸಿನ ಕಿಟಕಿಯಲ್ಲಿ ಬಾಯಿ ತೆರೆದು ನಿದ್ದೆ ಮಾಡುವ ಮುದುಕ. ಮೂಗು ಒರೆಸುತ್ತಿರುವ ನಮ್ಮ ಚೇಚಿ! ಯಾರೂ ಪಟಕ್ಕೆಂದು ನಿಂತವರಲ್ಲ. ಮಗ ಶಾಲೆಗೆ ಸೇರಿದಾಗ ಸ್ಟುಡಿಯೋದಲ್ಲಿ ತೆಗೆಸಿದ ಪಟ ನಮ್ಮಲ್ಲಿದೆ. ಅದರಲ್ಲಿ ನಾವೆಲ್ಲ ಉಸಿರು ಕಟ್ಟಿ, ಗೋಡೆಗೆ ಒರಗಿಸಿಟ್ಟ ಹಲಗೆಗಳ ಹಾಗಿದ್ದೇವೆ. ಇದರಲ್ಲಿ ಅತ್ತೆಯ ಹೆಬ್ಬೆರಳು ಆ ದಪ್ಪ ಕೈಯನ್ನು ಒತ್ತಿದಲ್ಲಿ ಗುಳಿ ಬಿದ್ದದ್ದೂ ಕಾಣುತ್ತದೆ. ಅವನಿಗೆ ನಮ್ಮ ಮಾತು ಬರುತ್ತಿರಲಿಲ್ಲ, ನಮ್ಮ ಹೆದರಿಕೆ ಗೊತ್ತಿರಲಿಲ್ಲ. ಆದರೂ ನಾನು ಹಾಗೆ ನಗುತ್ತಿದ್ದೆ ಎಂದು ಅವನಿಗಲ್ಲದೆ ಬೇರೆ ಯಾರಿಗೆ ಗೊತ್ತಿತ್ತು? ನನಗೇ ಗೊತ್ತಿರಲಿಲ್ಲ.

ಮುಂದಿನ ಪುಟದಲ್ಲಿ ಹೊಳೆ. ಮರಳಿನಲ್ಲಿ ಮೊಣಕಾಲೂರಿ, ಎರಡು ಮುಷ್ಟಿಯನ್ನು ಹಣೆಗೆ ಒತ್ತಿ, ಕಣ್ಣು ಮುಚ್ಚಿದ ಅತ್ತೆ.

"ಕೆಳಗೆ ಎಂತ ಬರೆದಿದ್ದಾರೆ?" ಎಂದು ಕೇಳಿದೆ.

"ಹೊಳೆಗೆ ಪೂಜೆ ಮಾಡುವ ಹೆಂಗಸು ಅಂತ."

ನಾನು ನಕ್ಕ ನಗುವಿಗೆ ಅಡಿಗೆಮನೆಯಿಂದ ಸೊಸೆ ಓಡಿ ಬಂದಳು. ಮಗನೂ ಬಂದ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೊದಲಿನ ಪಟವನ್ನು ತುಂಬ ಹೊತ್ತು ನೋಡಿದ. ಆಮೇಲೆ ಆ ಹುಡುಗಿಯ ಹೊಟ್ಟೆಯ ಮೇಲಿನ ಕೈಗೆ ಬೆರಳು ತಾಗಿಸಿ ಹೇಳಿದ: "ನಾನೂ ಇದ್ದೇನಲ್ಲಮ್ಮ ಇದ್ರಲ್ಲಿ. ಅಜ್ಜಿಯೊಟ್ಟಿಗೆ ನನ್ನದು ಇದೊಂದೇ ಪಟ."

ನಿಜ. ಅತ್ತೆ ಅವನು ತೊಟ್ಟಿಲಲ್ಲಿರುವಾಗಲೇ ಹೋದವರು.

"ಇದನ್ನು ದೊಡ್ಡದು ಮಾಡಿಸಿ ಫ್ರೇಮು ಹಾಕಿ ಗೋಡೆಗೆ ಹಾಕುವ" ಎಂದ ಮಗ.

ನನ್ನ ಕೈ ಮತ್ತೆ ಹೊಟ್ಟೆಗೆ ಹೋಯಿತು.

"ಗೋಡೆಗೆ ಬೇಡ ಮಗಾ."

"ಯಾಕಮ್ಮ?"

"ನೀನು ಅದ್ರಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟುವ ಮೊದಲೇ ಗೋಡೆಗೆ ಹಾಕುದಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೊಮ್ಮಗಳಂತೂ ನೆಲಕ್ಕೆ ಕೂತಳು. ನಾನೂ ನಕ್ಕೆ, ಆ ಹುಡುಗಿಯ ಹಾಗೆಯೇ, ಕತ್ತು ಹಿಂದಕ್ಕೆ ಚೆಲ್ಲಿ. ಆದರೆ ಪಟ ಗೋಡೆಗೆ ಏರಲಿಲ್ಲ. ಮೊಮ್ಮಗಳು ಕಾಗದಕ್ಕೆ ಇಳಿಸಿ ತಂದು ಕೊಟ್ಟದ್ದು ನನ್ನ ದಿಂಬಿನ ಕೆಳಗೆ ಉಂಟು.